ಹನ್ನೆರಡನೆಯ ಗಡಿಯಾರ

"ಈ ಮನೇಲಿ ಯಾವುದೋ ಒಂದು ತಪ್ಪು ಹೊಡೀತಿದೆ," ಎಂದರು ಅಪ್ಪ, ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ತಲೆಯನ್ನು ಒಂದು ಕಡೆಗೆ ವಾಲಿಸಿ.

"ಇರೋದು ಹನ್ನೊಂದು. ಯಾವುದು ಅಂತ ಹೇಳಿಬಿಡಿ, ಗುಜರಿಗೆ ಹಾಕೋಣ," ಎಂದಳು ಅಮ್ಮ.

"ಹನ್ನೊಂದೂ ಸರಿಯಾಗಿವೆ ಕಣೇ. ಇದು ಅವುಗಳದ್ದಲ್ಲ. ಟಿಕ್ ಅನ್ನುತ್ತೆ, ಸುಮ್ಮನಾಗುತ್ತೆ, ಆಮೇಲೆ ಟಿಕ್ ಟಿಕ್ ಅನ್ನುತ್ತೆ. ಕುಂಟ ಮೆಟ್ಟಿಲು ಹತ್ತಿದ ಹಾಗೆ."

"ಹಲ್ಲಿ ಇರ್ಬೇಕು," ಎಂದ ಅಣ್ಣ.

"ಹಲ್ಲಿ ಲೊಚಗುಟ್ಟುತ್ತೆ. ಇದು ಲೋಹದ ಸದ್ದು."

"ಹಾಗಾದ್ರೆ ನಿಮ್ಮ ಕಿವಿಯೊಳಗೇ ಒಂದು ಗಡಿಯಾರ ಸೇರ್ಕೊಂಡಿದೆ. ಅದಕ್ಕೆ ಕೀಲಿ ಕೊಟ್ಟೋರು ಯಾರೋ!"

ಅಮ್ಮ ನಕ್ಕಳು. ಅತ್ತಿಗೆ ಮುಖ ತಗ್ಗಿಸಿಕೊಂಡು ನಕ್ಕರು. ನಾನೂ ನಕ್ಕೆ. ಅಪ್ಪ ಮಾತ್ರ ಬೇಳೆಯನ್ನು ಅನ್ನಕ್ಕೆ ಕಲಸಿಕೊಳ್ಳುತ್ತ, ಆ ಕಡೆ ಈ ಕಡೆ ಕಿವಿ ತಿರುಗಿಸುತ್ತಲೇ ಇದ್ದರು.

ಅಪ್ಪ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಮಾರುಕಟ್ಟೆಯ ಕಟ್ಟಡದಲ್ಲಿ ಮೆಟ್ಟಿಲ ಕೆಳಗೆ ಒಬ್ಬರು ಕೂರುವಷ್ಟು ಅಂಗಡಿ. ಮೂರು ವರ್ಷದ ಹಿಂದೆ ಬಲಗೈ ನಡುಗತೊಡಗಿದಾಗ ಅಂಗಡಿ ಮುಚ್ಚಿ, ರಿಪೇರಿಗೆ ಕೊಟ್ಟವರು ವಾಪಸು ಬಂದು ಒಯ್ಯದೇ ಬಿಟ್ಟ ಹನ್ನೊಂದು ಗಡಿಯಾರಗಳನ್ನು ಮನೆಗೆ ತಂದರು. ನಮ್ಮ ಮನೆಗೆ ಇರುವುದೇ ಮೂರು ಕೋಣೆ. ಅಡುಗೆಮನೆಯಲ್ಲಿ ಎರಡು, ನಡುಮನೆಯಲ್ಲಿ ಆರು, ಉಳಿದವು ಮಲಗುವ ಕಡೆ. ಭಾನುವಾರ ಬೆಳಿಗ್ಗೆ ಅಪ್ಪ ಕೀಲಿಗಳ ಗೊಂಚಲು ಹಿಡಿದು ಒಂದೊಂದಕ್ಕೂ ಕೀಲಿ ಕೊಟ್ಟರೆ ವಾರವಿಡೀ ನಡೆಯುತ್ತಿದ್ದವು. ನಾವು ಆ ಸದ್ದಿನಲ್ಲೇ ಮಲಗಿ ಆ ಸದ್ದಿನಲ್ಲೇ ಎದ್ದು ಅದನ್ನು ಕೇಳುವುದನ್ನೇ ಬಿಟ್ಟಿದ್ದೆವು. ಅಣ್ಣ ಬಸ್ಸು ಓಡಿಸುತ್ತಾನೆ. "ಹನ್ನೊಂದು ಗಡಿಯಾರ ಇರೋ ಮನೆಯಿಂದ ಬಂದೂ ಲೇಟಾ ಅಂತ ಡಿಪೋದಲ್ಲಿ ನಗ್ತಾರೆ," ಎನ್ನುತ್ತಿದ್ದ.

ನಡುಮನೆಯ ಕಿಟಕಿಯ ಹತ್ತಿರ, ಆರು ಗಡಿಯಾರಗಳ ಕೆಳಗೆ, ಅತ್ತಿಗೆಯ ಮೇಜು. ಮೇಜಿನ ಮೇಲೆ ಹೊಲಿಗೆ ಯಂತ್ರ, ಅದರ ಪಕ್ಕ ಅಣ್ಣ ಮದುವೆಯಾದ ವರ್ಷ ಕೊಡಿಸಿದ ಲ್ಯಾಪ್‌ಟಾಪ್. ಅತ್ತಿಗೆ ಎಲ್ಲರಿಗೂ ಹೊಲಿಯುವವರಲ್ಲ. ಅಂಗಡಿಯ ಬಟ್ಟೆ ಯಾರ ಮೈಗೆ ಕೂರುವುದಿಲ್ಲವೋ ಅವರು ನಮ್ಮ ಮನೆಗೆ ಬರುತ್ತಿದ್ದರು. ಬೆನ್ನು ಬಾಗಿದವರು, ಒಂದು ತೋಳು ಗಿಡ್ಡ ಇರುವವರು, ಆಪರೇಷನ್ ಆಗಿ ಎದೆಯ ಒಂದು ಭಾಗ ತೆಗೆಸಿಕೊಂಡವರು, ಗಾಲಿಕುರ್ಚಿ ಬಿಟ್ಟು ಏಳಲಾಗದವರು. ಅತ್ತಿಗೆ ಬಾಗಿಲು ಹಾಕಿಕೊಂಡು ಅಳತೆ ತೆಗೆಯುತ್ತಿದ್ದರು. ಆಮೇಲೆ ಆ ಮೈಗೆ ತಕ್ಕ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ನಕ್ಷೆ, ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದರು. ನಾಲ್ಕು ವರ್ಷದಲ್ಲಿ ಇನ್ನೂರಕ್ಕೂ ಮಿಕ್ಕಿ ಆಗಿದ್ದವು. ಮೊದಲು ಕಾಗದದ ಮೇಲೂ ಇದ್ದವು. ಹೋದ ವರ್ಷ ಮನೆಗೆ ಸುಣ್ಣ ಹೊಡೆಸುವಾಗ ಅಮ್ಮ, "ಎಲ್ಲಾ ಅದರೊಳಗೆ ಇದೆಯಲ್ಲ, ಈ ರದ್ದಿ ಯಾಕೆ ಇನ್ನೂ?" ಎಂದು ಕಾಗದವನ್ನೆಲ್ಲ ಗುಜರಿಗೆ ಕಳಿಸಿಬಿಟ್ಟಿದ್ದಳು.

ಆ ತಿಂಗಳು ದೊಡ್ಡಾಸ್ಪತ್ರೆಯಿಂದ ಅತ್ತಿಗೆಗೆ ಕರೆ ಬಂದಿತ್ತು. ಅಲ್ಲಿನ ಹೊಲಿಗೆ ವಿಭಾಗಕ್ಕೆ ಇಂಥ ಬಟ್ಟೆ ಕತ್ತರಿಸಬಲ್ಲವರು ಒಬ್ಬರು ಬೇಕು, ನಲವತ್ತು ಪ್ಯಾಟರ್ನ್ ತಂದು ತೋರಿಸಿ, ಆಯ್ಕೆಯಾದರೆ ಕಾಯಂ ಕೆಲಸ ಎಂದು.

"ಅಲ್ಲಿ ನನಗೇ ಅಂತ ಒಂದು ಮೇಜು ಇರುತ್ತಂತೆ," ಎಂದು ಅತ್ತಿಗೆ ನನಗೊಬ್ಬಳಿಗೇ ಹೇಳಿದ್ದರು. "ಆರಡಿ ಉದ್ದ. ಊಟದ ಹೊತ್ತಿಗೆ ಯಾರೂ ಎತ್ತು ಅನ್ನಲ್ಲ."

ನಮ್ಮ ಮನೆಯಲ್ಲಿ ದಿನಕ್ಕೆ ಮೂರು ಸಲ ಎತ್ತಬೇಕಿತ್ತು. ಊಟಕ್ಕೆ ಇದ್ದದ್ದು ಅದೊಂದೇ ಮೇಜು.

ಅಪ್ಪನ ಕುಂಟ ಗಡಿಯಾರದ ಮಾತು ಶುರುವಾದ ವಾರವೇ ಲ್ಯಾಪ್‌ಟಾಪ್ ತಡವರಿಸತೊಡಗಿತು. ಒಂದು ಗೆರೆ ಎಳೆದರೆ ನಿಮಿಷ ಬಿಟ್ಟು ಗೆರೆ ಮೂಡುತ್ತಿತ್ತು. ಯಾರೂ ಒಂದಕ್ಕೊಂದು ಗಂಟು ಹಾಕಲಿಲ್ಲ.

"ನೀನು ಓದಿದೋಳು," ಎಂದು ಅತ್ತಿಗೆ ಒಂದು ಬೆಳಿಗ್ಗೆ ಪೆನ್ ಡ್ರೈವ್ ನನ್ನ ಕೈಗಿಟ್ಟರು. "ನನ್ನದೆಲ್ಲ ಇದಕ್ಕೆ ಹಾಕಿಬಿಡು. ಯಾಕೋ ಇದರ ಮೇಲೆ ನಂಬಿಕೆ ಹೋಗ್ತಿದೆ."

ಡಿಗ್ರಿ ಮುಗಿಸಿ ಒಂದೂವರೆ ವರ್ಷದಿಂದ ಮನೆಯಲ್ಲಿದ್ದೆ. ಎರಡು ಕಡೆ ಕೆಲಸಕ್ಕೆ ಕರೆದಿದ್ದರು, ಎರಡೂ ಕಡೆ ಎದುರು ಕೂತವರಿಗೆ ನನ್ನ ಮಾತು ಕೇಳಿಸಲಿಲ್ಲ. ಅಣ್ಣ ನನ್ನನ್ನು ಮೂಗಿ ಎಂದೇ ಕರೆಯುತ್ತಾನೆ. ಅಂಥವಳನ್ನು 'ಓದಿದೋಳು' ಎಂದರೆ ಇಲ್ಲ ಎನ್ನಲಾಗುತ್ತದೆಯೇ? ಪರದೆಯ ಮೇಲೆ 'ಅಳತೆ' ಎಂಬ ಹಳದಿ ಫೋಲ್ಡರ್ ಇತ್ತು. ಅದರ ಮೂಲೆಯಲ್ಲಿ ಬಾಗಿದ ಒಂದು ಪುಟ್ಟ ಬಾಣ. ಹಿಡಿದು ಎಳೆದು ಪೆನ್ ಡ್ರೈವಿಗೆ ಬಿಟ್ಟೆ. ಕಣ್ಣು ಮಿಟುಕಿಸುವುದರೊಳಗೆ ಆಯಿತು. ನಾಲ್ಕು ವರ್ಷದ ಕೆಲಸ ಇಷ್ಟು ಬೇಗ ಹೋಯಿತೇ ಎಂದು ಅನಿಸಿದ್ದು ನಿಜ. ತೆಗೆದು ನೋಡಲಿಲ್ಲ.

"ಆಯ್ತಾ?"

"ಆಯ್ತು."

"ಇಷ್ಟು ಬೇಗ? ನಾನಾಗಿದ್ರೆ ಮಧ್ಯಾಹ್ನ ಆಗ್ತಿತ್ತು," ಎಂದು ಅತ್ತಿಗೆ ನನ್ನ ಬೆನ್ನು ತಟ್ಟಿದರು.

ಮರುದಿನ ಮಧ್ಯಾಹ್ನ ಅಪ್ಪ ಹಟ ಹಿಡಿದರು. ಒಂದು ಸ್ಟೂಲು ತಂದು ಒಂದೊಂದೇ ಗಡಿಯಾರವನ್ನು ನಿಲ್ಲಿಸುತ್ತ ಬಂದರು. ಅಡುಗೆಮನೆಯ ಎರಡು, ಮಲಗುವ ಕಡೆಯ ಮೂರು, ಆಮೇಲೆ ನಡುಮನೆಯ ಆರು.

"ಬಿದ್ದು ಸೊಂಟ ಮುರ್ಕೊಳ್ಳಿ, ಆಮೇಲೆ ನಾನಿದ್ದೀನಲ್ಲ ಮಾಡೋಕೆ!" ಎಂದು ಅಮ್ಮ ಬೈಯುತ್ತ ಸ್ಟೂಲು ಹಿಡಿದುಕೊಂಡಿದ್ದಳು.

ಹನ್ನೊಂದನೆಯದರ ಲೋಲಕವನ್ನು ಅಪ್ಪ ಬೆರಳಿನಿಂದ ತಡೆದರು. ಮೂರು ವರ್ಷದಲ್ಲಿ ಮೊದಲ ಸಲ ಮನೆ ನಿಶ್ಶಬ್ದವಾಯಿತು. ಅಮ್ಮನೂ ಬಾಯಿ ಮುಚ್ಚಿದಳು.

ಟಿಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಟಿಕ್ ಟಿಕ್.

ಅತ್ತಿಗೆ ಲ್ಯಾಪ್‌ಟಾಪಿನ ಮೇಲಿಂದ ಕೈ ತೆಗೆದರು, ಬಿಸಿ ಪಾತ್ರೆ ಮುಟ್ಟಿದವರ ಹಾಗೆ. ಸದ್ದು ಅದರ ಹೊಟ್ಟೆಯೊಳಗಿಂದ ಬರುತ್ತಿತ್ತು.

"ನಾನು ಹೇಳ್ಲಿಲ್ವಾ?" ಎಂದರು ಅಪ್ಪ ಸ್ಟೂಲಿನ ಮೇಲಿಂದಲೇ. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ಹೆದರಿದ್ದರು. "ಎರಡು ವಾರದಿಂದ ಹೇಳ್ತಿದ್ದೀನಿ."

ಅಪ್ಪ ಹನ್ನೊಂದನ್ನೂ ಮತ್ತೆ ಚಾಲೂ ಮಾಡಿದರು. ಆ ದಿನದ ಊಟದಲ್ಲಿ ಅಣ್ಣ ತನ್ನ ಪಾಲಿನ ಮೊಟ್ಟೆಯನ್ನು ಅಪ್ಪನ ತಟ್ಟೆಗೆ ಹಾಕಿದ. "ತಗೊಳ್ಳಿ. ನಿಮ್ಮ ಕಿವಿಗೆ ನನ್ನ ನಮಸ್ಕಾರ." ಅಪ್ಪ ಬೇಡ ಬೇಡ ಎನ್ನುತ್ತಲೇ ತಿಂದರು. ಎಷ್ಟೋ ದಿನದ ಮೇಲೆ ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಕಂಪ್ಯೂಟರ್ ರಿಪೇರಿ ಅಂಗಡಿಗೆ ಅತ್ತಿಗೆಯ ಜೊತೆ ನಾನು ಹೋದೆ. ರಿಪೇರಿಯವನು ಲ್ಯಾಪ್‌ಟಾಪನ್ನು ಕಿವಿಗೆ ಹಿಡಿದು ಕೇಳಿ, ತಿರುಗಿಸಿ, ನಾಲ್ಕು ತಿರುಪು ಬಿಚ್ಚಿ, ಅಂಗೈಯಷ್ಟು ಅಗಲದ ಲೋಹದ ಪೆಟ್ಟಿಗೆಯೊಂದನ್ನು ಹೊರತೆಗೆದ.

"ಹಾರ್ಡ್ ಡಿಸ್ಕು ಹೋಗ್ತಾ ಇದೆ ಅಕ್ಕ. ಹೊಸದು ಹಾಕ್ತೀನಿ, ನಾಳಿದ್ದು ಬನ್ನಿ. ಒಳಗೇನಾದ್ರೂ ಬೇಕಾದ್ದಿದೆಯಾ?"

"ಕಾಪಿ ಇದೆ," ಎಂದರು ಅತ್ತಿಗೆ, ನನ್ನ ಕಡೆ ನೋಡಿ.

"ಹಾಗಿದ್ರೆ ಬದುಕಿದ್ರಿ. ಆದರೂ ಹಳೇದನ್ನ ಇಟ್ಕೊಂಡಿರಿ, ಬಿಚ್ಚೋಕೆ ಮಾತ್ರ ಹೋಗ್ಬೇಡಿ. ಇದನ್ನ ಧೂಳೇ ಇಲ್ಲದ ಕೋಣೇಲಿ ಬಿಚ್ಚೋರು ಇದ್ದಾರೆ, ಬೇರೆ ಊರಲ್ಲಿ. ಬೇಕಾದ್ರೆ ಅವರಿಗೆ ಕಳಿಸಬಹುದು, ಒಂದು ತಿಂಗಳು ಹಿಡಿಯುತ್ತೆ."

ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟ. ಆಸ್ಪತ್ರೆಗೆ ಹೋಗಲು ಇನ್ನು ಒಂಬತ್ತು ದಿನ ಇತ್ತು.

ಮಾರನೆಯ ದಿನ ಅಮ್ಮ ಮತ್ತು ಅತ್ತಿಗೆ ಸಂತೆಗೆ ಹೋದಾಗ ಅಪ್ಪ ನನ್ನ ಬಳಿ ಬಂದು ನಿಂತರು. ಕೈಯಲ್ಲಿ ಆ ಚೀಲ.

"ಇದು ಇನ್ನು ಯಾರಿಗೂ ಬೇಡ ತಾನೇ?"

"ಬೇಡ."

"ಎಲ್ಲಾ ಕಾಪಿ ಇದೆ ತಾನೇ ಮಗು? ಸರಿಯಾಗಿ ನೋಡಿದ್ದೀಯಾ?"

"ಇದೆ ಅಪ್ಪ."

ರಿಪೇರಿಯವನ ಮಾತು ನನಗೆ ನೆನಪಿತ್ತು. ಹೇಳಬಹುದಿತ್ತು. ಆದರೆ ಅಪ್ಪ ಆಗಲೇ ಕಿಟಕಿಯ ಕೆಳಗೆ ಬಿಳಿ ಬಟ್ಟೆ ಹಾಸಿದ್ದರು. ಮೂರು ವರ್ಷದಿಂದ ತೆಗೆಯದಿದ್ದ ತಗಡಿನ ಡಬ್ಬಿ ತೆರೆದು, ಸಣ್ಣ ತಿರುಪುಳಿ, ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಒಂದೊಂದೇ ತಿರುಪು ತೆಗೆದರು. ನಾನು ಟಾರ್ಚು ಹಿಡಿದೆ.

ಮುಚ್ಚಳ ಎದ್ದಾಗ ಒಳಗೆ ಕನ್ನಡಿಯಂಥ ಒಂದು ತಟ್ಟೆ ಇತ್ತು. ಅದರಲ್ಲಿ ಅಪ್ಪನ ಮುಖ, ಭೂತಗನ್ನಡಿಯ ಸಮೇತ, ತಲೆಕೆಳಗಾಗಿ ಕಂಡಿತು.

"ಅಬ್ಬಾ, ಎಂಥ ಕೆಲಸ ನೋಡೇ! ತಟ್ಟೆ ಮೇಲಿನ ಈ ಪುಟ್ಟ ಕೈ ಇದೆಯಲ್ಲ, ಇದು ದಾರಿ ತಪ್ಪಿ ಗೋಡೆಗೆ ಹೊಡ್ಕೋತಿತ್ತು, ಅದೇ ಟಿಕ್. ನನ್ನ ಕೈ ಥರಾನೇ ಇದಕ್ಕೂ ನಡುಕ ಬಂದಿದೆ." ಅಪ್ಪ ಚಿಮಟದಿಂದ ಅದನ್ನು ಮೆಲ್ಲಗೆ ಸರಿಸಿದರು. ಕೈ ನಡುಗಿತು. ಕನ್ನಡಿಯ ಮೇಲೆ ಕೂದಲಷ್ಟು ತೆಳುವಾದ ಒಂದು ಗೀರು ಎದ್ದಿತು.

"ಹೋಗ್ಲಿ," ಎಂದು ಇಬ್ಬರೂ ನಕ್ಕೆವು. ಅಪ್ಪ ಹಾಗೆ ನಕ್ಕಿದ್ದು ಅಂಗಡಿ ಮುಚ್ಚಿದ ಮೇಲೆ ಅದೇ ಮೊದಲು.

ಲ್ಯಾಪ್‌ಟಾಪ್ ಮನೆಗೆ ಬಂದ ಸಂಜೆ ಎಲ್ಲರೂ ಮೇಜಿನ ಸುತ್ತ ಇದ್ದೆವು. ಅತ್ತಿಗೆ ಪೆನ್ ಡ್ರೈವ್ ಸಿಕ್ಕಿಸಿದರು. 'ಅಳತೆ' ಕಾಣಿಸಿತು, ಮೂಲೆಯಲ್ಲಿ ಬಾಗಿದ ಬಾಣದ ಸಮೇತ. ಒತ್ತಿದರು. ಪರದೆಯ ಮೇಲೆ ಒಂದು ಸಾಲು ಬಂತು.

"ಏನಂತೆ? ಓದು," ಎಂದರು ಅತ್ತಿಗೆ.

ನಾನು ಓದಿದೆ, ಮನಸ್ಸಿನಲ್ಲಿ. ಈ ಶಾರ್ಟ್‌ಕಟ್ ತೋರಿಸುವ ಜಾಗ ಸಿಗುತ್ತಿಲ್ಲ ಎಂದಿತ್ತು. ಆಗ ಅರ್ಥವಾಯಿತು. ನಾನು ತುಂಬಿಕೊಂಡದ್ದು ಮನೆಯನ್ನಲ್ಲ, ಮನೆ ಆ ಕಡೆ ಇದೆ ಎಂದು ಬೆರಳು ಮಾಡುವ ಬೋರ್ಡನ್ನು. ಪ್ಯಾಟರ್ನುಗಳೆಲ್ಲ ಹಳೆಯ ಡಿಸ್ಕಿನಲ್ಲೇ ಉಳಿದಿದ್ದವು.

"ಪೆನ್ ಡ್ರೈವ್ ಕೆಟ್ಟಿರ್ಬೇಕು," ಎಂದೆ.

ಅದು ಹೇಗೆ ಬಾಯಿಗೆ ಬಂತೋ. ಇಡೀ ದಿನ ನಾಲ್ಕು ಮಾತಾಡದ ನಾನು, ಆ ಮಾತನ್ನು ಮಾತ್ರ ಎಲ್ಲರಿಗೂ ಕೇಳುವಂತೆ ಹೇಳಿದೆ.

"ಥತ್, ಬಸ್ ಸ್ಟ್ಯಾಂಡಲ್ಲಿ ತಗೊಂಡಿದ್ದು ಅದು," ಎಂದ ಅಣ್ಣ. "ನಂದೇ ತಪ್ಪು."

"ಪರವಾಗಿಲ್ಲ," ಎಂದರು ಅತ್ತಿಗೆ. ದನಿ ಸಮನಾಗಿಯೇ ಇತ್ತು. "ಹಳೇದು ಇದೆಯಲ್ಲ. ಕಳಿಸೋಣ. ಆಸ್ಪತ್ರೆಯೋರನ್ನ ಒಂದು ತಿಂಗಳು ಟೈಮ್ ಕೇಳ್ತೀನಿ. ಎಲ್ಲಿಟ್ಟೆ ಅದನ್ನ?"

ಅಪ್ಪ ಎದ್ದು ಕಿಟಕಿಯ ಕಡೆ ಹೋಗಿ, ಬಿಳಿ ಬಟ್ಟೆಯನ್ನು ನಾಲ್ಕೂ ಮೂಲೆ ಹಿಡಿದು ಎತ್ತಿಕೊಂಡು ಬಂದು ಮೇಜಿನ ಮೇಲೆ ಇಟ್ಟರು. ಮುಚ್ಚಳ ಒಂದು ಕಡೆ, ತಿರುಪುಗಳು ಒಂದು ಕಡೆ, ಕನ್ನಡಿ ಒಂದು ಕಡೆ.

"ನಾನು ಬಿಚ್ಚಿದೆ ಕಣಮ್ಮ," ಎಂದರು. "ಯಾರನ್ನೂ ಕೇಳ್ಲಿಲ್ಲ."

ನನ್ನ ಕಡೆ ನೋಡಲೂ ಇಲ್ಲ.

ಆಮೇಲೆ ಅಣ್ಣ ಆಡಿದ ಮಾತುಗಳನ್ನು ಎಲ್ಲ ಬರೆಯಲಾರೆ. "ವಯಸ್ಸಾದ ಮೇಲೆ ಕೈ ಕಟ್ಕೊಂಡು ಕೂರ್ಬೇಕು!" "ಹನ್ನೊಂದು ಪೀಡೆ ಸಾಲದು ಅಂತ ಇದೂ ಬೇಕಿತ್ತಾ?" ಅಮ್ಮ, "ನಿಮ್ಮ ಕೈ ಯಾವತ್ತು ಸುಮ್ನಿತ್ತು ಹೇಳಿ," ಎಂದು ಅತ್ತಳು. ಅಪ್ಪ ತಲೆ ತಗ್ಗಿಸಿ ನಿಂತಿದ್ದರು. ಅತ್ತಿಗೆ ಹೊತ್ತಾಯಿತೆಂದು ಲ್ಯಾಪ್‌ಟಾಪ್ ಎತ್ತಿಟ್ಟು ಮೇಜು ಒರೆಸಿ ತಟ್ಟೆ ಹಾಕಿದರು. ನಾವು ಕೂತು ಉಂಡೆವು. ನಾನೂ ಉಂಡೆ.

ಮರುದಿನ ಅತ್ತಿಗೆ ಒಬ್ಬರೇ, ಆ ಲೋಹದ ಚೂರುಗಳನ್ನೂ ಪೆನ್ ಡ್ರೈವನ್ನೂ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೋಗಿ ಬಂದರು. "ಗೀರು ಬಿದ್ದಿದೆಯಂತೆ. ಇನ್ನು ಯಾರ ಕೈಲೂ ಆಗಲ್ಲವಂತೆ," ಎಂದಷ್ಟೇ ಹೇಳಿದರು.

ಆ ಉಳಿದ ದಿನಗಳಲ್ಲಿ ಅತ್ತಿಗೆ ನೆನಪಿನಿಂದ ಬರೆಯಲು ಕೂತರು. ಕಂದು ಕಾಗದ ಹರಡಿ, ಕಣ್ಣು ಮುಚ್ಚಿ, ಗಾಳಿಯಲ್ಲಿ ಕೈಯಾಡಿಸಿ ಆ ಬೆನ್ನನ್ನೋ ಭುಜವನ್ನೋ ಹುಡುಕುವಂತೆ. ಹತ್ತಿರವಿದ್ದವರ ಮನೆಗೆ ಹೋಗಿ ಮತ್ತೆ ಅಳತೆ ತಂದರು. ಬೆನ್ನು ಬಾಗಿದ ಅಜ್ಜಿಯ ಮನೆಗೆ ಹೋದಾಗ, ಅಜ್ಜಿ ತೀರಿ ಎರಡು ತಿಂಗಳಾಗಿತ್ತಂತೆ. "ನೀನು ಹೊಲಿದ ಅಂಗೀಲೇ ಕಳಿಸಿದ್ವಮ್ಮ," ಎಂದರಂತೆ ಸೊಸೆ. ಊಟದ ಹೊತ್ತಿಗೆ ಕಾಗದಗಳನ್ನು ಸುತ್ತಿ ಮಂಚದ ಕೆಳಗಿಟ್ಟು, ಮತ್ತೆ ಹರಡುತ್ತಿದ್ದರು. ನಾನು ಪಾತ್ರೆ ತೊಳೆದೆ, ಬಟ್ಟೆ ಒಗೆದೆ, ಹೇಳದ ಕೆಲಸವನ್ನೆಲ್ಲ ಮಾಡಿದೆ. "ಇವಳಿಗೇನು ಬಂದಿದೆ, ಒಳ್ಳೆ ಬುದ್ಧಿ!" ಎಂದಳು ಅಮ್ಮ.

ನಲವತ್ತರಲ್ಲಿ ಹನ್ನೊಂದಾಯಿತು. ಹನ್ನೊಂದು! ಅಣ್ಣನಿಗೂ ಆ ದಿನ ತಮಾಷೆ ಹೊಳೆಯಲಿಲ್ಲ. ಆಸ್ಪತ್ರೆಯವರು ಕೆಲಸ ಚೆನ್ನಾಗಿದೆ ಎಂದರಂತೆ, ಮುಂದೆ ಜಾಗ ಖಾಲಿಯಾದಾಗ ತಿಳಿಸುತ್ತೇವೆ ಎಂದರಂತೆ. ಇನ್ನೊಬ್ಬರು ನಲವತ್ತೆರಡು ತಂದಿದ್ದರು.

ಆ ಭಾನುವಾರ ಅಪ್ಪ ಕೀಲಿಗಳ ಗೊಂಚಲನ್ನು ಮುಟ್ಟಲಿಲ್ಲ. ಅಮ್ಮ, "ಕೀಲಿ?" ಎಂದಳು. "ಇರ್ಲಿ," ಎಂದರು. ಸೋಮವಾರ ಅಡುಗೆಮನೆಯದೊಂದು ನಿಂತಿತು. ಮಂಗಳವಾರ ಮೂರು ನಿಂತವು. ದೊಡ್ಡದು ಗುರುವಾರದವರೆಗೆ ಎಳೆಯಿತು. ಅಪ್ಪ ಬೇಗ ಉಂಡು ಏಳತೊಡಗಿದರು, ಆಮೇಲೆ ತಟ್ಟೆಯನ್ನು ಕೋಣೆಗೇ ತರಿಸಿಕೊಳ್ಳತೊಡಗಿದರು. ಅತ್ತಿಗೆ ಬಡಿಸುತ್ತಿದ್ದರು, ಕೇಳಿದ್ದು ಕೊಡುತ್ತಿದ್ದರು, ಆದರೆ 'ಮಾವ' ಎಂದು ಕರೆದದ್ದನ್ನು ನಾನು ಕೇಳಲಿಲ್ಲ.

ಮೂರನೆಯ ವಾರ ತಟ್ಟೆ ಒಯ್ದವಳು ಬಾಗಿಲಲ್ಲೇ ನಿಂತೆ.

"ಅಪ್ಪ, ನಾನು ಅತ್ತಿಗೆಗೆ ಹೇಳಿಬಿಡ್ತೀನಿ. ನೀವು ನನ್ನ ಕೇಳಿದ್ರಿ ಅಂತ. ಪೆನ್ ಡ್ರೈವ್ ಕೆಟ್ಟಿರ್ಲಿಲ್ಲ."

"ಗೊತ್ತು."

"ಮತ್ತೆ ಯಾಕೆ ಸುಳ್ಳು ಹೇಳಿದ್ರಿ?"

ಅಪ್ಪ ನಡುಗುವ ಕೈಯನ್ನು ಮಂಡಿಯ ಕೆಳಗೆ ಒತ್ತಿಟ್ಟುಕೊಂಡರು. "ನನ್ನ ಮೇಲಿದ್ರೆ ಎಷ್ಟು ದಿನದ ಮಾತು? ನಿನ್ನ ಮೇಲೆ ಬಿದ್ರೆ ನೀನು ಹೊರೋದು ಬಹಳ ಇದೆ. ಅನ್ನ ಇಟ್ಟು ಹೋಗು."

ಅಡುಗೆಮನೆಗೆ ಬಂದೆ. ಅತ್ತಿಗೆ ನೆಲದ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಹೇಳಿದೆ. ಎರಡು ಸಲ ಹೇಳಬೇಕಾಯಿತು, ಮೊದಲ ಸಲ ದನಿಯೇ ಹೊರಡಲಿಲ್ಲ.

ಅತ್ತಿಗೆಯ ಚಾಕು ನಿಲ್ಲಲಿಲ್ಲ.

"ಬಾಗಿದ ಬಾಣ ಅಂದ್ರೆ ಏನು ಅಂತ ಅಂಗಡಿಯೋನು ಅವತ್ತೇ ಹೇಳಿದ."

"ಅವತ್ತೇ?"

"ಹೂಂ. ನೀನು ಯಾವಾಗ ಹೇಳ್ತೀಯ ಅಂತ ನೋಡ್ತಿದ್ದೆ. ಹೇಳ್ತೀಯ, ಹೇಳ್ತೀಯ ಅಂತ. ಪಾತ್ರೆ ತೊಳೆದೆ, ಬಟ್ಟೆ ಒಗೆದೆ. ಹೇಳ್ಲಿಲ್ಲ."

"ಮತ್ತೆ ಅಪ್ಪನ ಜೊತೆ ಯಾಕೆ ಮಾತು ಬಿಟ್ರಿ? ಅವರದ್ದೇನೂ ತಪ್ಪಿಲ್ಲ ಅಂತ ಗೊತ್ತಿತ್ತಲ್ಲ."

ಆಗ ಚಾಕು ನಿಂತಿತು.

"ಗೊತ್ತಿತ್ತು. ಅವರು ನಿನ್ನ ಉಳಿಸ್ಕೊಂಡ್ರು ಅಂತಾನೂ ಗೊತ್ತಿತ್ತು," ಎಂದರು ಅತ್ತಿಗೆ. ಕಣ್ಣಲ್ಲಿ ನೀರಿತ್ತು, ಈರುಳ್ಳಿಯದೋ ಏನೋ. "ನೀನು ಮಗಳು, ಅಪ್ಪ ಅಡ್ಡ ನಿಂತ್ರು. ಅವರನ್ನ ಬೈದು ನಿಮ್ಮಣ್ಣ ಹಗುರಾದ. ಅತ್ತೆ ಅತ್ತು ಹಗುರಾದ್ರು. ಅಷ್ಟೂ ಜನದಲ್ಲಿ ಒಬ್ಬರಾದ್ರೂ, 'ಅಯ್ಯೋ, ನಿನ್ನ ಕೆಲಸ ಹೋಯ್ತಲ್ಲಾ' ಅಂದ್ರಾ? ಅವತ್ತೂ ನಾನೇ ಮೇಜು ಒರೆಸಿ ತಟ್ಟೆ ಹಾಕ್ದೆ."

ಈಗಲಾದರೂ ಆ ಮಾತು ಹೇಳೋಣವೆಂದು ಬಾಯಿ ತೆರೆದೆ. ಅತ್ತಿಗೆ ಕೈಯೆತ್ತಿ ತಡೆದರು.

"ಈಗ ಬೇಡ. ಈಗ ನಾನು ಹೇಳಿಕೊಟ್ಟ ಹಾಗಾಯ್ತು."

ಈರುಳ್ಳಿಯನ್ನು ಬಾಣಲೆಗೆ ಸುರಿದು, ಮೂಗೊರೆಸಿಕೊಂಡು, ಬೆನ್ನು ತಿರುಗಿಸಿಯೇ ಕೇಳಿದರು.

"ನಿಮ್ಮಣ್ಣ ಬರೋ ಹೊತ್ತಾಯ್ತೇನೋ. ಗಂಟೆ ಎಷ್ಟು ನೋಡು."

ಅಭ್ಯಾಸಬಲದಿಂದ ತಲೆಯೆತ್ತಿದೆ. ಒಲೆಯ ಮೇಲಿನದು ನಾಲ್ಕೂ ಹತ್ತು ಎಂದಿತ್ತು. ಬಾಗಿಲ ಪಕ್ಕದ್ದು ಹನ್ನೆರಡಕ್ಕೆ ಐದು ನಿಮಿಷ. ಆಚೆ ನಡುಮನೆಯಲ್ಲಿ ಆರು ಗಡಿಯಾರ ಆರು ಹೊತ್ತು ತೋರಿಸುತ್ತಿದ್ದವು.

"ಗೊತ್ತಾಗ್ತಿಲ್ಲ ಅತ್ತಿಗೆ," ಎಂದೆ.